ಮಂತ್ರ ತಪ್ಪಾಗಿದೆ

ಮೊನ್ನೆ ಭಾನುವಾರ ರಾತ್ರಿ ಡ್ರ್ಯಾಗನ್ ಕ್ವೆಸ್ಟ್ ಅನ್ನೋ ವಿಡಿಯೋ ಗೇಮ್ ಕನ್ನಡಕ್ಕೆ ಬಂದು ಮುಗಿಯಿತು. ಶುರು ಮಾಡಿ ಒಂಬತ್ತು ವರ್ಷವಾಗಿತ್ತು. ಫೈಲ್ ಉಳಿಸಿ, ಲ್ಯಾಪ್‌ಟಾಪ್ ಮುಚ್ಚಿ, ಸುಮ್ನೆ ಹೋಗಿ ಬಾಲ್ಕನಿಯಲ್ಲಿ ಕೂತೆ.

ಇದು 1986ರ ಮೇ 27ರಂದು ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಗೇಮ್ ಯಂತ್ರಕ್ಕೆ ಬಂದ ಮೊದಲ ಭಾಗ. ನಾನು ಕೆಲಸಕ್ಕೆಂದು ಟೋಕಿಯೋದ ನಿಶಿಕಸಾಯ್‌ನಲ್ಲಿದ್ದಾಗ ಅಕಿಹಬಾರಾದ ಹಳೇ ಗೇಮ್ ಅಂಗಡಿಯೊಂದರಲ್ಲಿ ಯಂತ್ರಕ್ಕೆ ಸಿಕ್ಕಿಸುವ ಆಟದ ಕಾರ್ಟ್ರಿಜ್ ಕೊಂಡಿದ್ದೆ. ಜಪಾನೀಸ್ ಕಲಿಯೋಕೆ. ಇದರಲ್ಲಿ ಚೀನೀ ಮೂಲದ ಕಷ್ಟದ ಕಾಂಜಿ ಅಕ್ಷರಗಳಿಲ್ಲ, ಬಹುಪಾಲು ಉಚ್ಚಾರದಂತೆ ಬರೆಯುವ ಹಿರಗಾನ ಲಿಪಿ. ಆಗಷ್ಟೇ ಅಕ್ಷರ ಕಲಿತವನೂ ಕೂಡಿಸಿಕೊಂಡು ಓದಬಹುದು. ಓದುತ್ತಾ ಓದುತ್ತಾ ಒಂದೊಂದೇ ಮಾತು ಕನ್ನಡದಲ್ಲಿ ಬರೆದಿಟ್ಟುಕೊಂಡೆ. ಅದೇ ಬೆಳೆಯಿತು.

ಇಡೀ ಆಟ ಬರೀ 64 ಕೆಬಿ. ಇವತ್ತು ಫೋನಿನಲ್ಲಿ ಕಳಿಸುವ ಒಂದು ಫೋಟೋ ಅದಕ್ಕಿಂತ ದೊಡ್ಡದು. ಇಷ್ಟರಲ್ಲೇ ಊರು, ಗುಹೆ, ರಾಕ್ಷಸರು, ಸಂಗೀತ, ಮಾತು ಎಲ್ಲಾ ಹಿಡಿಸಬೇಕಿತ್ತು. ಅದಕ್ಕೇ ಆಟ ಬರೆದ ಯೂಜಿ ಹೊರೀ ಜಪಾನೀಸಿನ ಇನ್ನೊಂದು ಲಿಪಿ ಕಟಕಾನದಲ್ಲಿ ಸುಮಾರು 20 ಅಕ್ಷರ ಮಾತ್ರ ಇಟ್ಟುಕೊಂಡು, ಹೆಸರುಗಳನ್ನೆಲ್ಲ ಅಷ್ಟರಲ್ಲೇ ಕಟ್ಟಿದರು.

ನನ್ನ ಕಷ್ಟವೂ ಅಕ್ಷರದ್ದೇ. ಪರದೆಯಲ್ಲಿ ಒಂದು ಅಕ್ಷರಕ್ಕೆ ಸಿಗುವುದು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಒಂದು ಮನೆ. ಹಿನ್ನೆಲೆಗೆ ಒಂದು ಸಲಕ್ಕೆ ಇಂಥ 256 ತುಂಡು, ಅದರಲ್ಲೇ ನಕ್ಷೆಯ ಚಿತ್ರಗಳೂ ಇರಬೇಕು. ನಮ್ಮ ಕಾಗುಣಿತ ಪೂರ್ತಿ ಬರೆದರೆ 400 ದಾಟುತ್ತದೆ! ಇಳಿ, ಕೊಂಬುಗಳನ್ನು ಬಲಕ್ಕೆ ಬೇರೆ ಮನೆಯಲ್ಲಿ ನಿಲ್ಲಿಸಿದೆ. ಗುಡಿಸನ್ನು ಅಕ್ಷರದ ಮನೆಯೊಳಗೇ ತುರುಕಿದೆ. ಒತ್ತಕ್ಷರಕ್ಕೆ ಮಾತ್ರ ಎರಡು ವರ್ಷ ದಾರಿ ಕಾಣಲಿಲ್ಲ.

ಆಮೇಲೆ ಒಂದಿನ ಜಪಾನೀಸ್ ಸಾಲುಗಳನ್ನೇ ನೋಡುತ್ತಾ ಕೂತಿದ್ದೆ. 'ಕ'ವನ್ನು 'ಗ' ಮಾಡಲು ಅವರು ಹಾಕುವ ಎರಡು ಪುಟ್ಟ ಗೀಟು, ದಕುತೆನ್, ಅಕ್ಷರದ ಮನೆಯಲ್ಲಿ ಇರಲಿಲ್ಲ. ಅದರ ಮೇಲಿನ ಮನೆಯಲ್ಲಿತ್ತು! ಎರಡು ಸಾಲುಗಳ ನಡುವೆ ಒಂದು ಸಾಲು ಖಾಲಿ ಇದ್ದದ್ದು ಅದಕ್ಕೇ. ಪರದೆಯ ಒಂದು ಸಾಲಿಗೆ 32 ಮನೆ. 32 ಹಿಂದಕ್ಕೆ ಹೋಗಿ ಗೀಟು ಹಾಕುವ ಕೋಡನ್ನು 32 ಮುಂದಕ್ಕೆ ಹೋಗುವಂತೆ ತಿದ್ದಿದೆ. 'ಕತ್ತಿ' ಅಂತ ಬರೆದೆ. 'ತಿ' ಕೆಳಗೆ ಒತ್ತು ಬಂದು ಕೂತಿತು. ಕಣ್ಣು ತುಂಬಿ ಬಂತು.

ಕತ್ತಿಯೇ ಯಾಕೆ ಅಂದರೆ, ಖಡ್ಗ ಬರೆಯುವ ಹಾಗಿರಲಿಲ್ಲ. ಜಾಗ ಸಾಲದೆ ಖ, ಘ, ಛ, ಝ, ಠ, ಢ, ಫ ಎಲ್ಲಾ ಬಿಟ್ಟಿದ್ದೆ. ಶುರುವಿನಲ್ಲಿ ಆಟದ ರಾಜನ ಬಾಯಲ್ಲಿ ಯಕ್ಷಗಾನದ ಅರ್ಥದಂಥ ಮಾತು ಇಟ್ಟಿದ್ದೆ. ಈ ಅಕ್ಷರಗಳು ಹೋದ ಮೇಲೆ ಅದು ನಿಲ್ಲಲಿಲ್ಲ. ಒಳ್ಳೇದೇ ಆಯಿತು. ಹೊರೀ ಬರೆದದ್ದು ಆಡುಮಾತು. ಸತ್ತು ಎದ್ದು ಬಂದ ನಾಯಕನಿಗೆ ರಾಜ ಈಗ ಹೇಳುತ್ತಾನೆ: "ಅಲ್ಲಾ, ಸತ್ತೇ ಹೋದೆಯಲ್ಲ, ಇದೇನಿದು!" ಮೂಲದಲ್ಲೂ ಹೀಗೇ ಗದರುತ್ತಾನೆ.

ಜಾಸ್ತಿ ಕಾಡಿದ್ದು ಇನ್ನೊಂದು ಸಾಲು. ಬಿಡಿಸಿಕೊಂಡು ಬಂದ ರಾಜಕುಮಾರಿ ಲೋರಾಳ ಜೊತೆ ಛತ್ರದಲ್ಲಿ ತಂಗಿದರೆ ಬೆಳಿಗ್ಗೆ ಅಲ್ಲಿಯವನು "ಯೂಬೆ ವಾ ಒತನೊಶಿಮಿ ದೆಶಿತ ನೆ" ಅನ್ನುತ್ತಾನೆ. ಜಪಾನಿನಲ್ಲಿ ಈ ಮಾತು ತುಂಬಾ ಪ್ರಸಿದ್ಧ. ಮಾತು ಮರ್ಯಾದೆಯದೇ, ಆದರೆ ತುಟಿಯಂಚಲ್ಲಿ ನಗು. 'ಖುಷಿ' ಅನ್ನೋಣ ಅಂದರೆ ಖ ಇಲ್ಲ. ಆರು ಸಲ ಬರೆದು ಹೊಡೆದುಹಾಕಿದೆ. ಕೊನೆಗೆ ಉಳಿದದ್ದು: "ರಾತ್ರಿ ಚೆನ್ನಾಗಿ ಕಳೀತಲ್ವಾ ಸ್ವಾಮಿ." 'ಅಲ್ವಾ' ಇಲ್ಲದೆ ಆ ನಗು ಬರುತ್ತಿರಲಿಲ್ಲ.

ಇನ್ನು ಮಂತ್ರ. ಈ ಕಾರ್ಟ್ರಿಜ್ಜಿನಲ್ಲಿ ಆಟ ಉಳಿಸುವ ಸೌಕರ್ಯವಿಲ್ಲ. ರಾಜ 20 ಅಕ್ಷರದ ಪುನರ್ಜೀವನ ಮಂತ್ರ ಹೇಳುತ್ತಾನೆ, 5, 7, 5, 3 ಅಂತ ಪದ್ಯದ ಹಾಗೆ ಮುರಿದು. ಅದನ್ನು ಬರೆದಿಟ್ಟುಕೊಂಡು ಮತ್ತೆ ಆಡುವಾಗ ಹಾಕಬೇಕು. ಅದಕ್ಕೆ ಬೇಕಿರುವುದು 64 ಅಕ್ಷರ. ನಾನು 16 ವ್ಯಂಜನ ಆರಿಸಿ, ಒಂದೊಂದಕ್ಕೂ ಅ, ಆ, ಇ, ಉ ಕೊಟ್ಟೆ. ಲೆಕ್ಕ ಸರಿಯಾಗಿ ಕೂತಿತು.

ಕಳೆದ ತಿಂಗಳು ಸಾಗರದಲ್ಲಿ ಅಕ್ಕನ ಮಗಳಿಗೆ ಆಡಲು ಕೊಟ್ಟೆ. ಹನ್ನೊಂದು ವರ್ಷದವಳು. ಮಾರನೇ ದಿನವೇ ಫೋನ್. "ಮಾಮ, 'ಮಂತ್ರ ತಪ್ಪಾಗಿದೆ' ಅಂತಿದೆ. ನಾನು ಸರಿಯಾಗೇ ಬರ್ದಿದೀನಿ." ಲೆಕ್ಕದ ನೋಟ್‌ಬುಕ್ಕಿನ ಕೊನೇ ಹಾಳೆಯ ಫೋಟೋ ಕಳಿಸಿದಳು. ಅವಳ ತಪ್ಪೇನೂ ಇರಲಿಲ್ಲ. ಎಂಟು ಚುಕ್ಕಿಯ ಮನೆಯಲ್ಲಿ ನನ್ನ 'ನ' ಮತ್ತು 'ಸ' ಅವಳಿಗಳ ಹಾಗೆ ಕಾಣುತ್ತಿದ್ದವು. 'ಸ' ಇದ್ದ ಕಡೆ ಅವಳು 'ನ' ಬರೆದಿದ್ದಳು.

'ಸ'ದ ಸೀಳನ್ನು ಎರಡು ಚುಕ್ಕಿ ಅಗಲ ಮಾಡಿದೆ. ಭಾನುವಾರ ರಾತ್ರಿ ನಾನು ಮಾಡಿದ ಕೊನೇ ಕೆಲಸ ಅದೇ. ಆಟವನ್ನು ಹಂಚುತ್ತಿಲ್ಲ. ಬದಲಾದ ಭಾಗವಷ್ಟೇ ಇರುವ ಐಪಿಎಸ್ ಪ್ಯಾಚ್ ಹಾಕಿದ್ದೇನೆ. ಕಾರ್ಟ್ರಿಜ್ ನಿಮ್ಮದೇ ಇರಬೇಕು.

ಅವಳು ಈಗ ಲೋರಾಳನ್ನು ಹೊತ್ತುಕೊಂಡು ಅರಮನೆಗೆ ಹೊರಟಿದ್ದಾಳಂತೆ.