ಬೆಂಡಿಗೋದ ಕಲ್ಲುನೆಲದಲ್ಲಿ ವಾಟಲ್ ಹೂವು

ಮೆಲ್ಬರ್ನ್‌ನಿಂದ ಬೆಂಡಿಗೋಗೆ ಸುಮಾರು 150 ಕಿ.ಮೀ. ಆಗಸ್ಟ್ ಕೊನೆ, ಅಲ್ಲಿ ಚಳಿಗಾಲ ಮುಗಿಯುವ ಹೊತ್ತು. ಹಾರ್ಕೋರ್ಟ್ ಹತ್ತಿರ ಬರುತ್ತಿದ್ದಂತೆ ರಸ್ತೆಯ ಇಕ್ಕೆಲದಲ್ಲೂ ಹಳದಿ ಶುರುವಾಯಿತು. 'ಗೋಲ್ಡನ್ ವಾಟಲ್ ಅಪ್ಪಾ' ಎಂದಳು ಕಾರು ಓಡಿಸುತ್ತಿದ್ದ ಮಗಳು. 1988ರಿಂದ ಅದು ಆಸ್ಟ್ರೇಲಿಯಾದ ರಾಷ್ಟ್ರೀಯ ಪುಷ್ಪ. ಸೆಪ್ಟೆಂಬರ್ 1ರಂದು ಅದರ ಹೆಸರಿನಲ್ಲೊಂದು ದಿನಾಚರಣೆಯೂ ಉಂಟು.

ಬೆಂಡಿಗೋ 1850ರ ದಶಕದ ಚಿನ್ನದ ಗಣಿಗಳಿಂದ ಬೆಳೆದ ಊರು. ಅದರ ದೊಡ್ಡ ದೊಡ್ಡ ಕಟ್ಟಡಗಳನ್ನು ಕಿಟಕಿಯಿಂದಲೇ ನೋಡಿ, ಉತ್ತರಕ್ಕಿರುವ ವಿಪ್‌ಸ್ಟಿಕ್ ಕಾಡಿಗೆ ಹೋದೆವು.

ಕಾಡು ಅಂದರೆ ಮಲೆನಾಡಿನವನ ಕಣ್ಣಿಗೆ ಕಾಡೇ ಅಲ್ಲ. ಕಾಲಡಿ ಬೆಣಚುಕಲ್ಲಿನ ಚೂರು, ತೆಳ್ಳನೆಯ ಮಣ್ಣು. ಅಲ್ಲೊಂದು ಇಲ್ಲೊಂದು ಕರಿತೊಗಟೆಯ ಐರನ್‌ಬಾರ್ಕ್, ಅದೂ ನೀಲಗಿರಿ ಜಾತಿಯದೇ. ವರ್ಷಕ್ಕೆ ಬೀಳುವ ಮಳೆ ಹೆಚ್ಚುಕಡಿಮೆ 500 ಮಿ.ಮೀ.; ಆಗುಂಬೆಯ ಜುಲೈ ತಿಂಗಳೊಂದೇ ಅದನ್ನು ಎಷ್ಟೋ ಪಟ್ಟು ಮೀರಿಸುತ್ತದೆ. ಅಂಥ ನೆಲದಲ್ಲಿ ಮರಗಳ ಸಂದಿಯ ಬಿಸಿಲನ್ನು ಹಿಡಿದು, ಕೊಂಬೆ ಬಾಗುವಷ್ಟು ಹೂ ಹೊತ್ತು ನಿಂತಿತ್ತು ವಾಟಲ್. ನಮ್ಮ ಕರಿಜಾಲಿಯಂಥದೇ ದುಂಡು ಹೂವು, ಆದರೆ ಮುಳ್ಳಿಲ್ಲ.

ಗಿಡದ ಸಂಸಾರ ನೋಡಿದಷ್ಟೂ ಕುತೂಹಲ. ಎಳೆ ಸಸಿಗೆ ನಾಚಿಕೆಮುಳ್ಳಿನಂತೆ ಬಿಡಿಬಿಡಿಯಾದ ಗರಿ ಎಲೆ. ಬೆಳೆಯುತ್ತ ಆ ಗರಿಗಳು ಹೋಗಿ, ತೊಟ್ಟೇ ಅಗಲವಾಗಿ ದಪ್ಪಗಿನ ಎಲೆಯ ಕೆಲಸ ಮಾಡುತ್ತದೆ. ಒಣ ಬೇಸಿಗೆಯಲ್ಲಿ ನೀರು ಉಳಿಯುವುದು ಹೀಗೆ. ಬಡ ಮಣ್ಣಿನಲ್ಲಿ ಬೇಕಾದ ಸಾರಜನಕವನ್ನು ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಒದಗಿಸುತ್ತವೆ. ಹೂವಿನಲ್ಲಿ ಮಕರಂದವಿಲ್ಲ, ಎಲೆಯ ಬುಡದ ಹತ್ತಿರ ಪುಟ್ಟ ಗ್ರಂಥಿಯಿದೆ, ಸಿಹಿ ಇರುವುದು ಅಲ್ಲಿ. ಅದನ್ನು ಹೀರಲು ಬರುವ ಹಕ್ಕಿಗಳು ಪಕ್ಕದ ಹೂವಿಗೆ ಮೈ ಒರೆಸಿ ಪರಾಗ ಸಾಗಿಸುತ್ತವೆ. ಬೀಜಗಳನ್ನು ಹೊತ್ತು ನೆಲದೊಳಗೆ ಸೇರಿಸುವುದು ಇರುವೆಗಳ ಪಾಲು. ಸಿಪ್ಪೆ ಎಷ್ಟು ಗಟ್ಟಿಯೆಂದರೆ, ಬೀಜ ವರ್ಷಗಟ್ಟಲೆ ಮಣ್ಣಿನಲ್ಲಿ ಸುಮ್ಮನಿದ್ದು, ಕಾಡಿಗೆ ಬೆಂಕಿ ಬಿದ್ದು ನೆಲ ಕಾದಾಗ ಒಟ್ಟಿಗೆ ಮೊಳೆಯುತ್ತವೆ.

ವಾಟಲ್ ಅಂದರೆ ಅಕೇಶಿಯಾ ಜಾತಿಯ ಗಿಡ. ನಮ್ಮ ಮಲೆನಾಡಿನ ಸಾಗರ ತಾಲ್ಲೂಕಿನ ಕಡೆ ಅಕೇಶಿಯಾ ಎಂದರೆ ನಮಗೆ ನೆನಪಾಗುವುದು ಬೇಣಗಳನ್ನು, ಅಂದರೆ ಹುಲ್ಲುಬಯಲುಗಳನ್ನು, ನುಂಗಿದ ಸಾಲುತೋಪು. ಆ ಮರದ ತವರೂ ಆಸ್ಟ್ರೇಲಿಯಾ ಕಡೆಯದೇ. ನೀಲಗಿರಿ ಬೆಟ್ಟದ ಹುಲ್ಲುಗಾವಲಿಗೆ ನುಗ್ಗಿರುವ ಕರಿ ವಾಟಲ್ ಕೂಡ ಇದರ ನೆಂಟ. ಹಾಗಾಗಿ ಇಲ್ಲಿ ಹೂ ಮೆಚ್ಚಿಕೊಳ್ಳಲು ನನಗೆ ಮೊದಲು ಸ್ವಲ್ಪ ಸಂಕೋಚವೇ ಆಯಿತು.

ಒಂದು ಕೊಂಬೆಯಲ್ಲಿ ಹೂವಿನ ಬದಲು ಹಸಿರು ಗಂಟುಗಳು ಗೊಂಚಲಾಗಿದ್ದವು. ಕಣಜದ ಜಾತಿಯ ಒಂದು ಸಣ್ಣ ಕೀಟ ಮೊಗ್ಗಿನೊಳಗೆ ಮೊಟ್ಟೆಯಿಟ್ಟರೆ ಹೀಗಾಗುತ್ತದೆ, ಆ ಮೊಗ್ಗು ಬೀಜ ಕಟ್ಟುವುದಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ಇದೇ ಗೋಲ್ಡನ್ ವಾಟಲ್ ಕಳೆಯಾಗಿ ಹಬ್ಬಿದಾಗ, 1980ರ ದಶಕದಲ್ಲಿ ಇಲ್ಲಿಂದಲೇ ಆ ಕೀಟವನ್ನು ಒಯ್ದು ಬಿಟ್ಟರು. ಗಿಡ ಮೊದಲು ಹೋಗಿ ಎಷ್ಟೋ ವರ್ಷದ ಮೇಲೆ!