ಸಿಗಂದೂರು ಸೇತುವೆ ಆಚೆ, ಅಮ್ಮ ಡ್ಯೂಟಿ ಮಾಡಿದ ಊರಿಗೆ

ಸಿಗಂದೂರಿಗೆ ಹೋಗ್ತೀನಿ ಅಂತ ಆಫೀಸಲ್ಲಿ ಹೇಳಿ ರಜೆ ಹಾಕಿದ್ದೆ, ಆದ್ರೆ ದೇವಸ್ಥಾನದಲ್ಲಿ ಇದ್ದಿದ್ದು ಅರ್ಧ ಗಂಟೆ, ಅದ್ರಲ್ಲಿ ಇಪ್ಪತ್ತು ನಿಮಿಷ ಕ್ಯೂ. ನಾನು ಹೋಗಿದ್ದು ತುಮರಿ ಕಡೆಗೆ. ಅಲ್ಲೊಂದು ಆರೋಗ್ಯ ಸಬ್ ಸೆಂಟರಲ್ಲಿ ಅಮ್ಮ ಒಂಬತ್ತು ವರ್ಷ ಹೆರಿಗೆ ಮಾಡಿಸೋ ನರ್ಸು, ಅಂದ್ರೆ ಎಎನ್‌ಎಂ ಆಗಿದ್ಲು. ನಾನಾಗ ತೀರ್ಥಹಳ್ಳಿ ಅಜ್ಜಿ ಮನೇಲಿ ಶಾಲೆಗೆ ಹೋಗ್ತಿದ್ದೆ, ಹಾಗಾಗಿ ಆ ಒಂಬತ್ತು ವರ್ಷ ಅಂದ್ರೆ ನಂಗೆ ಶನಿವಾರ ರಾತ್ರಿ ಅವಳ ಬ್ಯಾಗಿಂದ ಬರೋ ಡೆಟಾಲ್ ವಾಸನೆ ಅಷ್ಟೆ. ಅವಳು ಹೋಗಿ ಒಂದೂವರೆ ವರ್ಷ ಆಯ್ತು.

ಸೇತುವೆ ಚೆನ್ನಾಗಿದೆ, ಇಲ್ಲ ಅನ್ನಲ್ಲ. 2.44 ಕಿಲೋಮೀಟರ್ ಉದ್ದ, 2025ರ ಜುಲೈ 14ಕ್ಕೆ ಓಪನ್ ಆಗಿದ್ದು, ಕಾರಲ್ಲಿ ಮೂರು ನಿಮಿಷಕ್ಕೆ ಆಚೆ ದಡ. ನಡುವೆ ಗಾಡಿ ನಿಲ್ಲಿಸ್ಕೊಂಡು ಸೆಲ್ಫಿ ಹೊಡೆಯೋರನ್ನ ನೋಡಿ ಮಾತ್ರ ಮೈ ಉರೀತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ್ಮೇಲೆ ಶರಾವತಿ ಹಿನ್ನೀರು ತುಂಬಿ ಈ ಕಡೆಯ ಊರುಗಳು ದ್ವೀಪದ ಹಾಗೆ ಆಗಿಬಿಟ್ವು, ಸಾಗರ ಪೇಟೆಗೆ ಹೋಗ್ಬೇಕು ಅಂದ್ರೆ ಲಾಂಚ್, ಇಲ್ಲಾ ಅಂದ್ರೆ ಕೋಗಾರು ಕಾರ್ಗಲ್ ಸುತ್ತಿ ಹೋಗೋದು. ಲಾಂಚ್ ಸಂಜೆಗೇ ಬಂದ್. ಆಮೇಲೆ ಹಾವು ಕಚ್ಚಿದ್ರೂ ಹೆರಿಗೆ ನೋವು ಬಂದ್ರೂ ಬೆಳಗಾಗೋ ತನಕ ಸಿಸ್ಟರ್ರೇ ಗತಿ. ಆ ಸಿಸ್ಟರ್ ನಮ್ಮಮ್ಮ.

ಒಂದು ಮಾತು ಹೇಳಿಬಿಡ್ತೀನಿ, ಇನ್ನೂ ಸಿಟ್ಟು ಇಳಿದಿಲ್ಲ. ಉಳ್ಕೊಂಡಿದ್ದ ಹೋಂಸ್ಟೇನಲ್ಲಿ ಬೆಳಗ್ಗೆ ಬಿಸಿನೀರಿಲ್ಲ. ಕೇಳಿದ್ರೆ ಸೋಲಾರ್ ಸಾರ್, ಮೋಡ ಅಲ್ವಾ ಅಂತಾನೆ. ಅಕ್ಟೋಬರಲ್ಲಿ ಮಲೆನಾಡಲ್ಲಿ ಮೋಡ ಇರುತ್ತೆ ಅಂತ ಇವನಿಗೆ ಯಾರಾದ್ರೂ ಹೇಳ್ಬೇಕಾ! ಬುಕ್ ಮಾಡೋ ಮುಂಚೆ ಬಚ್ಚಲೊಲೆ ಇದೆಯಾ ಅಂತ ಕೇಳಿ, ವ್ಯೂ ಗೀವು ಆಮೇಲೆ. ಪೆಟ್ರೋಲ್ ಸಾಗರದಲ್ಲೇ ಹಾಕಿಸ್ಕೊಳ್ಳಿ, ಜೇಬಲ್ಲಿ ಚಿಲ್ಲರೆ ಇರ್ಲಿ, ಒಳಗೆ ಹೋದ್ರೆ ನೆಟ್‌ವರ್ಕ್ ಇಲ್ಲದೆ ಫೋನ್ ಪೇಮೆಂಟ್ ಸುತ್ತುತ್ತಾ ಕೂರುತ್ತೆ.

ಬಿಸಿನೀರಿಗೆ ನಾನು ಇಷ್ಟು ಕೂಗಾಡೋಕೆ ಕಾರಣ ಇದೆ. ಅಮ್ಮಂಗೆ ರುಮಟಾಯ್ಡ್ ಆರ್ಥರೈಟಿಸ್ ಇತ್ತು. ವಯಸ್ಸಾದ ಮೇಲೆ ಬರೋ ಮಂಡಿ ನೋವಲ್ಲ ಇದು, ನಮ್ಮ ದೇಹದ ರೋಗನಿರೋಧಕ ಶಕ್ತಿನೇ ತಿರುಗಿ ಬಿದ್ದು ಕೀಲುಗಳನ್ನ ತಿನ್ನೋದು, ಅವಳಿಗೆ ಮೂವತ್ತೆರಡಕ್ಕೇ ಶುರುವಾಗಿತ್ತು. ಬೆಳಗ್ಗೆ ಎದ್ರೆ ಒಂದು ಗಂಟೆ ಬೆರಳು ಮಡಚೋಕೇ ಆಗ್ತಿರ್ಲಿಲ್ಲ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ ತಗೋಬೇಕು, ಮರೆತು ದಿನಾ ನುಂಗಿದ್ರೆ ಜೀವಕ್ಕೇ ಅಪಾಯ ಅಂತ ಸ್ಟ್ರಿಪ್ ಮೇಲೆ ಪೆನ್ನಲ್ಲಿ ದಪ್ಪಗೆ "ಭಾನುವಾರ" ಅಂತ ಬರೀತಿದ್ಲು. ಊರಿಗೆಲ್ಲ ಮಾತ್ರೆ ಕೊಡೋಳು ತನ್ನ ಮಾತ್ರೆಗೆ ತಾನೇ ಹೆದರೋಳು. ರಿಟೈರ್ ಆದ್ಮೇಲೂ ಬೆಳಗ್ಗೆ ಮೊದಲ ಕೆಲಸ ಅಂದ್ರೆ ಸ್ಟೀಲ್ ಬೇಸಿನ್ನಲ್ಲಿ ಬಿಸಿನೀರು ಹಾಕ್ಕೊಂಡು ಎರಡೂ ಕೈ ಇಳಿಬಿಟ್ಟು ಕೂರೋದು, ಆಮೇಲೆ ಕಾಫಿ.

ಸಬ್ ಸೆಂಟರಿಗೆ ಬೀಗ ಇತ್ತು. ಪಕ್ಕದ ಮನೆ ಜಗಲೀಲಿ ಒಬ್ಬ ಅಜ್ಜಿ ಅಡಿಕೆ ಸುಲೀತಾ ಕೂತಿದ್ರು. ಸಿಸ್ಟರ್ ಮಗ ಅಂದೆ. ಯಾವ ಸಿಸ್ಟರ್ ಅಂದ್ರು. ಹೆಸ್ರು ಹೇಳಿದೆ, ಗೊತ್ತಾಗ್ಲಿಲ್ಲ. ಕೈ ಬೆರಳು ಸೊಟ್ಟ ಇತ್ತಲ್ಲ ಅಂದೆ. ಮೆಟ್ಟುಗತ್ತಿ ಬದಿಗಿಟ್ರು.

"ಓ ಬೆರಳು ಸಿಸ್ಟರ್ರಾ! ಕೂತ್ಕ ಮಾರಾಯ."

ಎರಡು ಗಂಟೆ ಅಲ್ಲೇ ಹೋಯ್ತು. ಜೋಗ ನೋಡೋ ಪ್ಲಾನೂ ಅಲ್ಲಿಗೇ ಮುಗೀತು. ನೀರ್ದೋಸೆ, ಮಾವಿನಮಿಡಿ ಉಪ್ಪಿನಕಾಯಿ ಕೊಟ್ರು, ಆ ಮಿಡಿ ಮುಂದೆ ಬೆಂಗಳೂರಲ್ಲಿ ಬಾಟ್ಲಿಲಿ ಸಿಗೋದೆಲ್ಲ ಬರೀ ವಿನೆಗರ್. ಅವರ ತವರು ಮನೆ ಮುಳುಗಡೆಲಿ ಹೋಯ್ತಂತೆ, ಅದನ್ನ ನಿನ್ನೆ ಮೊನ್ನೆ ಆದ ಹಾಗೆ ಹೇಳಿದ್ರು. ಆಮೇಲೆ 1998ರ ಜನವರಿಗೆ ಬಂದ್ರು. ಮಗಳು ಬಾಣಂತನಕ್ಕೆ ಬಂದಿದ್ಲು, ರಾತ್ರಿ ನೋವು ಶುರುವಾಯ್ತು, ಲಾಂಚ್ ಇಲ್ಲ, ಲಾಟೀನು ಹಿಡ್ಕೊಂಡು ಹೋಗಿ ಸಿಸ್ಟರನ್ನ ಕರ್ಕೊಂಡು ಬಂದ್ರು.

"ಬಂದೋರೇ ಬಿಸಿನೀರು ಅಂದ್ರು. ಮಗೂಗೆ ಅಂತ ಹಂಡೆಯಿಂದ ತೋಡಿ ತಂದೆ. ನೋಡಿದ್ರೆ ಅವ್ರು ತಮ್ಮ ಕೈನೇ ಅದ್ರೊಳ್ಗೆ ಇಟ್ಕಂಡ್ರು! ಇದೆಂತ ಇವ್ರು ಅಂತ ನಂಗೆ ಸಿಟ್ಟೇ ಬಂತು. ಮಗಳು ಅಲ್ಲಿ ಕೂಗ್ತಾ ಇದಾಳೆ, ಇವ್ರು ಇಲ್ಲಿ ಕೈ ಕಾಯಿಸ್ತಾರೆ."

ಕೈ ಒರೆಸ್ಕೊಂಡು ಸೋಪು ಹಾಕಿ ತೊಳ್ಕೊಂಡು ಕೆಲಸಕ್ಕೆ ನಿಂತ್ರಂತೆ. ಬೆಳಗಿನ ಜಾವ ಹೆಣ್ಣುಮಗು ಆಯ್ತು. ಹೊಕ್ಕಳಬಳ್ಳಿಗೆ ದಾರ ಕಟ್ಟೋ ಹೊತ್ತಿಗೆ ಬೆರಳು ಮತ್ತೆ ಸೆಟೆದು ಹೋಗಿ ಗಂಟು ಬಿಗಿ ಆಗ್ಲೇ ಇಲ್ಲ, ಎರಡು ಸಲ ಜಾರ್ತು.

"ಆಗ ನನ್ನ ಮೊಕ ನೋಡಿ, ಅಮ್ಮಾ ಕೈ ತೊಳ್ಕಂಡು ಬನ್ನಿ, ನೀವೇ ಕಟ್ಬೇಕು ಅಂದ್ರು. ನನ್ನ ಕೈ ಗಡಗಡ ನಡುಗ್ತಿತ್ತು. ಇಲ್ಲಿ ಒಂದು, ಇಲ್ಲಿ ಒಂದು, ಹೂಮಾಲೆ ಕಟ್ಟೋ ಹಾಗೆ ಬಿಗೀರಿ ಅಂದ್ರು. ನಾನೇ ಕಟ್ಟಿದ್ದು. ನಡುವೆ ಅವ್ರು ಬ್ಲೇಡಲ್ಲಿ ಕೊಯ್ದ್ರು."

ಅಮ್ಮ ಈ ಹೆರಿಗೆ ಕಥೆ ನಮ್ಗೂ ಹೇಳಿದ್ಲು. ಲಾಟೀನು ಇತ್ತು, ಚಳಿ ಇತ್ತು, ಹಂಡೆ ನೀರೂ ಇತ್ತು. ಗಂಟು ಜಾರಿದ್ದು ಮಾತ್ರ ಯಾವತ್ತೂ ಹೇಳಿರ್ಲಿಲ್ಲ. ಮುಂದಿನ ಸಲದಿಂದ ಬ್ಯಾಗಲ್ಲಿ ಒಂದು ಫ್ಲಾಸ್ಕ್ ಇಟ್ಕೊಂಡೇ ಬರ್ತಿದ್ರು ಅಂದ್ರು ಅಜ್ಜಿ. ಆ ಫ್ಲಾಸ್ಕ್ ನಂಗೆ ಗೊತ್ತು, ಕೆಂಪು ಮುಚ್ಚಳದ್ದು, ಮನೇಲಿ ಯಾರೂ ಮುಟ್ಟೋ ಹಾಗಿರ್ಲಿಲ್ಲ. ಒಂದ್ಸಲ ಅದ್ರಲ್ಲಿ ಶರಬತ್ತು ತುಂಬಿಸ್ಕೊಂಡು ಕ್ರಿಕೆಟ್ಟಿಗೆ ಹೋಗಿದ್ದಕ್ಕೆ ಅವಳ ಕೈಯಲ್ಲಿ ಏಟು ತಿಂದಿದ್ದೆ, ಅದೊಂದೇ ಸಲ.

ಹೊರಡೋವಾಗ ಅಜ್ಜಿ ನನ್ನ ಕೈ ಹಿಡ್ಕೊಂಡು ಒಂದೊಂದೇ ಬೆರಳು ಮಡಚಿ ನೋಡಿದ್ರು. "ನಿಂಗೂ ಬಂದಿಲ್ಲ ಅಲ್ದಾ?"

ಇಲ್ಲ ಅಂದೆ. ಟೆಸ್ಟೆಲ್ಲ ನಾರ್ಮಲ್ಲೇ ಬಂದಿದೆ. ಆದ್ರೂ ಬೆಳಗ್ಗೆ ಎದ್ದ ತಕ್ಷಣ ಕೈ ಮಡಚಿ ನೋಡ್ಕೋತೀನಿ, ಅದನ್ನ ಹೇಳ್ಲಿಲ್ಲ.

ಅವತ್ತು ಹುಟ್ಟಿದ ಮೊಮ್ಮಗಳು ಈಗ ಬೆಂಗಳೂರಲ್ಲಿ ಕೆಲಸ ಮಾಡ್ತಾಳಂತೆ. ಅವಳ ಹತ್ರ ಮಾತಾಡು ಅಂತ ಅಲ್ಲೇ ಫೋನ್ ಹಚ್ಚಿದ್ರು, ಸಿಗ್ನಲ್ ಇಲ್ಲ. ಕ್ಯಾಲೆಂಡರ್ ಹಾಳೆ ಹರಿದು ನಂಬರ್ ಬರೆದುಕೊಟ್ಟು, ಸೇತುವೆ ಹತ್ರ ಸಿಗ್ತದೆ, ಅಲ್ಲಿಂದ ಮಾಡು ಅಂದ್ರು. ಸೆಲ್ಫಿ ಹೊಡೆಯೋರನ್ನ ಬೈದಿದ್ದ ನಾನೇ ಸೇತುವೆ ತುದೀಲಿ ಕಾರು ಬದಿಗೆ ಹಾಕಿ ಚೀಟಿ ಬಿಚ್ಚಿದೆ. ಎಣಿಸಿದ್ರೆ ಒಂಬತ್ತೇ ಅಂಕಿ.