ಚಂದ್ರ ಮೂಡುವ ತನಕ: ಸಂಕಷ್ಟಹರ ಚತುರ್ಥಿ

ನಾರದ ಪುರಾಣದ ಸಂಕಟನಾಶನ ಗಣೇಶ ಸ್ತೋತ್ರವನ್ನು ಬಾಯಿಪಾಠ ಮಾಡಿದವರು ಬಹಳ ಮಂದಿ. ಅದರಲ್ಲಿ ‘ನ ಚ ವಿಘ್ನಭಯಂ ತಸ್ಯ’ ಎಂಬ ಮಾತನ್ನು ನಿಂತು ನೋಡುವವರು ಕಡಿಮೆ. ಗಣಪತಿಯ 12 ಹೆಸರುಗಳನ್ನು ಮೂರು ಸಂಧ್ಯೆಯಲ್ಲೂ ಹೇಳುವವನಿಗೆ ವಿಘ್ನದ ಭಯವಿಲ್ಲ ಎಂದು ಅದರರ್ಥ. ವಿಘ್ನಕ್ಕಿಂತ ಮೊದಲು ಭಯವನ್ನು ತೆಗೆಯುವ ಮಾತು ಅದು. ಇನ್ನೂ ಸ್ವಲ್ಪ ಮುಂದೆ ಹೋದರೆ, ಜಪದ ಫಲ ಆರು ತಿಂಗಳಿಗೆ, ಸಿದ್ಧಿ ಒಂದು ವರ್ಷಕ್ಕೆ ಎಂದಿದೆ. ಕಷ್ಟದಲ್ಲಿರುವವರಿಗೆ ಬೇಕಾದದ್ದು ಇವತ್ತೇ, ಈಗಲೇ. ಸ್ತೋತ್ರ ಕೊಡುವುದು ಕಾಯುವ ಬಲ. ಸಂಕಷ್ಟಿಯ ವ್ರತವನ್ನು ಕಟ್ಟಿರುವುದೂ ಹಾಗೆಯೇ. ಬೆಳಿಗ್ಗೆ ಸಂಕಲ್ಪ ಮಾಡಿದವರು ರಾತ್ರಿ ಚಂದ್ರ ಬರುವ ತನಕ ಕಾಯಬೇಕು. ಚಂದ್ರ ಬರುವುದು ಅವನ ಹೊತ್ತಿಗೆ, ನಮ್ಮ ಹಸಿವಿನ ಹೊತ್ತಿಗಲ್ಲ.

ಪ್ರತಿ ತಿಂಗಳ ಕೃಷ್ಣಪಕ್ಷದ ಚೌತಿ ಸಂಕಷ್ಟಿ. ವರ್ಷಕ್ಕೆ 12, ಅಧಿಕ ಮಾಸ ಬಂದರೆ 13. ಮಂಗಳವಾರ ಬಿದ್ದರೆ ಅಂಗಾರಕ ಸಂಕಷ್ಟಿ. ವ್ರತ ಹಿಡಿಯುವವರು ಹೆಚ್ಚಾಗಿ ಆ ದಿನಕ್ಕೇ ಕಾದು ಶುರು ಮಾಡುತ್ತಾರೆ. ದಿನ ಗೊತ್ತುಮಾಡುವುದರಲ್ಲೇ ಮೊದಲ ಗೊಂದಲ. ಉಳಿದ ಹಬ್ಬಗಳಂತೆ ಇಲ್ಲಿ ಸೂರ್ಯೋದಯದ ತಿಥಿ ಲೆಕ್ಕವಲ್ಲ, ಚಂದ್ರೋದಯಕ್ಕೆ ಚೌತಿ ಇರಬೇಕು. ಆದ್ದರಿಂದ ಕ್ಯಾಲೆಂಡರಿನಲ್ಲಿ ತದಿಗೆ ಎಂದು ಬರೆದ ದಿನವೇ ಸಂಕಷ್ಟಿ ಎಂದೂ ಇರಬಹುದು. ಅದು ಅಚ್ಚಿನ ತಪ್ಪಲ್ಲ. ಎರಡು ದಿನವೂ ಚಂದ್ರೋದಯಕ್ಕೆ ಚೌತಿ ಇದ್ದರೆ ತದಿಗೆ ಕೂಡಿದ ಮೊದಲ ದಿನವನ್ನೂ, ಎರಡೂ ದಿನ ಸಿಗದಿದ್ದರೆ ಮರುದಿನವನ್ನೂ ಹಿಡಿಯಬೇಕೆಂದು ಧರ್ಮಸಿಂಧು ಎಂಬ ಧರ್ಮಶಾಸ್ತ್ರ ಗ್ರಂಥ ಹೇಳುತ್ತದೆ.

ಚಂದ್ರೋದಯದ ಹೊತ್ತು ಊರೂರಿಗೆ ಬೇರೆ. ಸಾಮಾನ್ಯವಾಗಿ ರಾತ್ರಿ 8ರಿಂದ 10ರ ಒಳಗೆ. ರೇಖಾಂಶದಲ್ಲಿ ಒಂದು ಡಿಗ್ರಿ ಪಶ್ಚಿಮಕ್ಕೆ ಹೋದರೆ ಸುಮಾರು 4 ನಿಮಿಷ ತಡ. ಬೆಂಗಳೂರಿಗೆ ಹಾಕಿದ ಸಮಯ ಹಿಡಿದು ಕಾರವಾರದಲ್ಲಿ ಅರ್ಘ್ಯ ಕೊಟ್ಟರೆ ಹೆಚ್ಚುಕಡಿಮೆ ಕಾಲು ಗಂಟೆ ಮೊದಲೇ ಕೊಟ್ಟಂತೆ. ಅಲ್ಲಿ ಚಂದ್ರ ಇನ್ನೂ ದಿಗಂತದ ಕೆಳಗೇ ಇರುತ್ತಾನೆ. ಪಂಚಾಂಗದ ಸಮಯವೂ ಬಯಲಿನ ದಿಗಂತಕ್ಕೆ ಹೇಳಿದ್ದು. ಎದುರಿಗೆ ಗುಡ್ಡವೋ ಅಪಾರ್ಟ್‌ಮೆಂಟೋ ಇದ್ದರೆ ಇನ್ನೂ 20 ನಿಮಿಷ, ಅರ್ಧ ಗಂಟೆ ಹಿಡಿಯಬಹುದು. ಚಳಿಗಾಲದಲ್ಲಿ ಪೂರ್ವದಿಂದ ತುಸು ಈಶಾನ್ಯಕ್ಕೆ, ಜ್ಯೇಷ್ಠ ಆಷಾಢದಲ್ಲಿ ಆಗ್ನೇಯಕ್ಕೆ ಸರಿದು ನೋಡಿ. ಮೂಡುವಾಗ ಕೆಂಪಗೆ, ಮೇಲಂಚು ಸವೆದ ಕಂಚಿನ ತಟ್ಟೆಯಂತೆ ಕಾಣುತ್ತಾನೆ. ಹುಣ್ಣಿಮೆ ಕಳೆದು ಕರಗತೊಡಗಿದ ಚಂದ್ರ ಅವನು.

ಭಾದ್ರಪದ ಶುಕ್ಲ ಚೌತಿಯಂದು ನೋಡಬಾರದ ಚಂದ್ರನನ್ನು ಸಂಕಷ್ಟಿಯಂದು ನೋಡಲೇಬೇಕು ಎನ್ನುವುದರಲ್ಲಿ ಒಂದು ಕರುಣೆಯಿದೆ. ಗಣಪತಿಯನ್ನು ಕಂಡು ನಕ್ಕು ಶಾಪ ಪಡೆದವನು, ಶರಣಾದ ಮೇಲೆ ಅದೇ ದೇವರ ಹಣೆ ಸೇರಿದ. ಹನ್ನೆರಡು ಹೆಸರುಗಳಲ್ಲಿ ಒಂಬತ್ತನೆಯದು ಭಾಲಚಂದ್ರ, ಹಣೆಯಲ್ಲಿ ಚಂದ್ರನಿರುವವನು. ತಪ್ಪು ಮಾಡಿದ್ದೇನೆ, ಅದಕ್ಕೇ ಈ ಕಷ್ಟ, ದೇವರು ನನ್ನ ಮಾತು ಕೇಳಲಾರ ಎಂದು ಒಳಗೊಳಗೇ ಬೇಯುವವರು ಈ ಹೆಸರನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಬೆಳಿಗ್ಗೆ ಸ್ನಾನ ಮಾಡಿ ಸಂಕಲ್ಪ. ಸಂಕಲ್ಪದಲ್ಲಿ ಕಷ್ಟವನ್ನು ನೇರವಾಗಿ ಹೇಳಿ: ಇಂಥವರ ಆಪರೇಷನ್ ಇದೆ, ಕೆಲಸ ಹೋಗಿದೆ, ಸಾಲ ತೀರುತ್ತಿಲ್ಲ, ಹೆದರಿಕೆಯಾಗಿದೆ. ದೇವರ ಮುಂದೆ ಧೈರ್ಯಸ್ಥರಂತೆ ನಿಲ್ಲಬೇಕಿಲ್ಲ. ಆದರೆ ಹೆದರಿಕೆಯ ಭರದಲ್ಲಿ ದೊಡ್ಡ ಹರಕೆ ಹೊರಬೇಡಿ. ಹೆಚ್ಚು ಮಂದಿ ತಪ್ಪುವುದು ಇಲ್ಲೇ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಸಾವಿರ ಕಡುಬು, ಬೆಳ್ಳಿ ಕಿರೀಟ ಎಂದು ಹೊತ್ತುಕೊಳ್ಳುತ್ತಾರೆ. ಕಷ್ಟ ಕಳೆದ ಮೇಲೆ ತೀರಿಸಲಾಗದೆ ಅದೇ ಹೊಸ ಭಯವಾಗುತ್ತದೆ. 21 ಸಂಕಷ್ಟಿ ಮಾಡುತ್ತೇನೆ ಅಥವಾ ಒಂದು ವರ್ಷ ಮಾಡುತ್ತೇನೆ ಎಂದರೆ ಸಾಕು. ಶುರುಮಾಡಿದ ದಿನವನ್ನು ಪಂಚಾಂಗದ ಅಂಚಿನಲ್ಲಿ ಬರೆದಿಡಿ, ಏಳೆಂಟು ತಿಂಗಳಾದ ಮೇಲೆ ಎಣಿಕೆ ಮರೆಯುವುದು ಸಹಜ. ನಡುವೆ ಸೂತಕ ಬಂದರೆ ಆ ತಿಂಗಳು ಮನಸ್ಸಿನಲ್ಲೇ ಹೆಸರು ಹೇಳಿಕೊಂಡು, ಎಣಿಕೆಯನ್ನು ಮುಂದಿನ ತಿಂಗಳಿಗೆ ಒಯ್ಯಿರಿ.

ಉಪವಾಸಕ್ಕೆ ನೀರು, ಹಾಲು, ಹಣ್ಣು ಅಡ್ಡಿಯಿಲ್ಲ. ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಹೊತ್ತುಹೊತ್ತಿಗೆ ಮಾತ್ರೆ ನುಂಗುವವರು ಬರಿಹೊಟ್ಟೆಯಲ್ಲಿ ರಾತ್ರಿ 9ರವರೆಗೆ ಇರಬಾರದು. ಲಘುವಾಗಿ ಫಲಾಹಾರ ಮಾಡಿಯೇ ವ್ರತ ನಡೆಸಲಿ. ಮೈ ನಡುಗಿ ಕಣ್ಣು ಕತ್ತಲಿಟ್ಟರೆ ಜಪವೂ ನಿಲ್ಲುತ್ತದೆ, ಮನೆಯವರಿಗೆ ಇನ್ನೊಂದು ಸಂಕಟ. ಔಷಧ ನಿಲ್ಲಿಸಿ ದೇವರನ್ನು ನಂಬುವುದು ನಂಬಿಕೆಯಲ್ಲ.

ಪೂಜೆಗೆ ಮುಖ್ಯವಾದದ್ದು 21 ಗರಿಕೆ. ಎಳೆಯ ಕುಡಿ, ಮೂರು ಅಥವಾ ಐದು ಎಸಳಿರಬೇಕು, ಹೂ ಬಿಟ್ಟ ಕಡ್ಡಿ ಬೇಡ. ಗರಿಕೆ ಎಂದುಕೊಂಡು ಜೇಕು ಕಿತ್ತು ತರುವುದು ಸಾಮಾನ್ಯ ತಪ್ಪು. ಬುಡವನ್ನು ಎರಡು ಬೆರಳ ನಡುವೆ ಉರುಳಿಸಿ ನೋಡಿ: ಜೇಕಿನ ಕಡ್ಡಿ ಮೂರು ಮೂಲೆಯಾಗಿ ಬೆರಳಿಗೆ ತಾಗುತ್ತದೆ, ಗರಿಕೆಯ ಕಡ್ಡಿ ಉರುಟಾಗಿ ಜಾರುತ್ತದೆ, ಗೆಣ್ಣುಗೆಣ್ಣಿಗೆ ಬೇರು ಬಿಟ್ಟು ನೆಲದ ಮೇಲೆ ಹಬ್ಬಿರುತ್ತದೆ. ತುಳಿದರೂ, ಬಿಸಿಲಿಗೆ ಒಣಗಿದರೂ ಒಂದು ಮಳೆಗೆ ಮತ್ತೆ ಹಸುರಾಗುವ ಹುಲ್ಲು ಇದು. ದೇವರು ಇದನ್ನೇ ಕೇಳಿದ್ದರಲ್ಲಿ, ಕಷ್ಟದಲ್ಲಿರುವವರ ಬಗ್ಗೆ ಅವನಿಗೆ ಗೊತ್ತಿಲ್ಲದ್ದೇನೂ ಇಲ್ಲ ಎನಿಸುತ್ತದೆ. ಸಂಜೆಗೆ ಬೇಕಾದ್ದನ್ನು ಬೆಳಿಗ್ಗೆಯೇ ಕಿತ್ತರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಇಲ್ಲದಿದ್ದರೆ ಎಸಳು ಸುರುಟಿಕೊಳ್ಳುತ್ತದೆ.

21 ಏರಿಸುವ ಕ್ರಮ ಬಹಳ ಚೆನ್ನಾಗಿದೆ. ಗಣಾಧಿಪ, ಉಮಾಪುತ್ರ, ಅಘನಾಶನ, ಏಕದಂತ, ಇಭವಕ್ತ್ರ, ಮೂಷಕವಾಹನ, ವಿನಾಯಕ, ಈಶಪುತ್ರ, ಸರ್ವಸಿದ್ಧಿಪ್ರದಾಯಕ, ಕುಮಾರಗುರು ಎಂಬ ಹತ್ತು ಹೆಸರಿಗೆ ಎರಡೆರಡು, ಅಲ್ಲಿಗೆ 20. ಉಳಿದ ಒಂದನ್ನು ಹತ್ತೂ ಹೆಸರು ಕೂಡಿಸಿ ಹೇಳಿ ಏರಿಸುವುದು. ಕೆಂಪು ದಾಸವಾಳ, ಎಕ್ಕದ ಹೂ ಸಿಕ್ಕರೆ ಇಡಿ. ತುಳಸಿ ಬೇಡ. ನೈವೇದ್ಯಕ್ಕೆ 21 ಕಡುಬು ಎಂದು ಕಟ್ಟಲೆಯಿದ್ದರೂ ಬೆಲ್ಲ, ಕಾಯಿತುರಿ ಇಟ್ಟು ಕೈಮುಗಿದವರ ಪೂಜೆ ಕಡಿಮೆಯಾಗುವುದಿಲ್ಲ.

ಚಂದ್ರ ಕಂಡ ಮೇಲೆ ಮೂರು ಅರ್ಘ್ಯ: ಚೌತಿ ತಿಥಿಗೆ, ಗಣಪತಿಗೆ, ಚಂದ್ರನಿಗೆ. ನೀರಿಗೆ ಗಂಧ, ಅಕ್ಷತೆ, ಕೆಂಪು ಹೂ. ಹಾಲು ಬೆರೆಸುವುದಾದರೆ ತಾಮ್ರದ ಪಾತ್ರೆ ಬೇಡ. ಮಳೆಗಾಲದಲ್ಲಿ ಮೋಡ ಕವಿದು ಚಂದ್ರ ಕಾಣದೇ ಹೋಗುವುದುಂಟು. ಆಗ ವ್ರತ ಕೆಟ್ಟಿತು ಎಂದು ಅಳುವವರಿದ್ದಾರೆ. ಕೆಡುವುದಿಲ್ಲ. ಉದಯದ ಹೊತ್ತು ಕಳೆದ ಮೇಲೆ ಅವನಿರುವ ದಿಕ್ಕಿಗೆ ತಿರುಗಿ ಅರ್ಘ್ಯ ಕೊಟ್ಟು ಊಟ ಮಾಡಬಹುದು. ಈ ವ್ರತದಲ್ಲಿ ಮನಸ್ಸಿಗೆ ಅತ್ಯಂತ ಹತ್ತಿರದ ಗಳಿಗೆ ಅದೇ. ಕಣ್ಣಿಗೆ ಕಂಡದ್ದು ಬರೀ ಮೋಡ. ಆದರೂ ಚಂದ್ರ ಅಲ್ಲೇ ಇದ್ದಾನೆ ಎಂದು ಒಬ್ಬರೂ ಅನುಮಾನಿಸುವುದಿಲ್ಲ, ಕೈಯಲ್ಲಿದ್ದ ನೀರನ್ನು ಧೈರ್ಯವಾಗಿ ಬಿಡುತ್ತಾರೆ.

ಇದಾವುದೂ ಮಾಡಲಾಗದ ದಿನಗಳು ಬರುತ್ತವೆ. ಐಸಿಯು ಹೊರಗಿನ ಬೆಂಚು, ಗರಿಕೆಯಿಲ್ಲ, ದೀಪವಿಲ್ಲ, ಚಂದ್ರ ಕಾಣುವ ಕಿಟಕಿಯೂ ಇಲ್ಲ. ಅಂಥ ಹೊತ್ತಿಗೆ ಕೈಬೆರಳು ಸಾಕು. ಹೆಬ್ಬೆರಳು ಬಿಟ್ಟು ನಾಲ್ಕು ಬೆರಳು, ಒಂದೊಂದಕ್ಕೆ ಮೂರು ಗೆಣ್ಣು, ಒಟ್ಟು 12. ಹೆಬ್ಬೆರಳನ್ನು ತೋರುಬೆರಳಿನ ಬುಡದ ಗೆಣ್ಣಿಗೆ ಒತ್ತಿ ಮೇಲಕ್ಕೆ ಸರಿಸುತ್ತ ವಕ್ರತುಂಡ, ಏಕದಂತ, ಕೃಷ್ಣಪಿಂಗಾಕ್ಷ. ನಡುಬೆರಳಿಗೆ ಗಜವಕ್ತ್ರ, ಲಂಬೋದರ, ವಿಕಟ. ಉಂಗುರದ ಬೆರಳಿಗೆ ವಿಘ್ನರಾಜ, ಧೂಮ್ರವರ್ಣ, ಭಾಲಚಂದ್ರ. ಕಿರುಬೆರಳಿಗೆ ವಿನಾಯಕ, ಗಣಪತಿ, ಗಜಾನನ. ಗಾಬರಿಯಲ್ಲಿ ಮನಸ್ಸು ಓಡಿಹೋಗಿ ಹೆಸರು ಬಿಟ್ಟುಹೋಗುತ್ತದೆ, ಹೋಗಲಿ. ಉಂಗುರದ ಬೆರಳಿನ ತುದಿಗೆ ಭಾಲಚಂದ್ರ ಬಾರದಿದ್ದರೆ ಎಲ್ಲೋ ತಪ್ಪಿದೆ ಎಂದು ಅಲ್ಲೇ ತಿಳಿಯುತ್ತದೆ. ಹೆಬ್ಬೆರಳನ್ನು ತೋರುಬೆರಳಿನ ಬುಡಕ್ಕೆ ತಂದು ಮತ್ತೆ ವಕ್ರತುಂಡನಿಂದ ಹಿಡಿಯಿರಿ.